ಸುತ್ತಾಲಯ: ಗೊಮ್ಮಟನ ಪಾದದ ಬಳಿ ಬರೆದಿಟ್ಟ ಒಂದು ಪದ

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬರಿಗಾಲಿನಲ್ಲಿ ಹತ್ತಿ ಗೊಮ್ಮಟನ ಮುಂದೆ ನಿಂತವರ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಮೊದಲ ಎರಡು ಸಲ ನಾನೂ ಆ ಮುಖವನ್ನಷ್ಟೇ ನೋಡಿ ಇಳಿದು ಬಂದಿದ್ದೆ. ಮೂರನೆಯ ಸಲ ಹೋದಾಗ, ಕಾಲಿನ ಎರಡೂ ಪಕ್ಕದಲ್ಲಿ ಕಡೆದಿರುವ ಹುತ್ತಗಳ ಬಳಿಯ ಅಕ್ಷರಗಳನ್ನು ಓದಲೇಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಚಾವುಂಡರಾಯ ಈ ಮೂರ್ತಿಯನ್ನು ಮಾಡಿಸಿದನೆಂಬ ಮಾತು ಅಲ್ಲಿ ಕನ್ನಡ, ತಮಿಳು ಮತ್ತು ಮರಾಠಿ ಮೂರರಲ್ಲಿಯೂ ಇದೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರ ಜೊತೆಗೆ ಇನ್ನೊಂದು ಸಾಲು ಇದೆ: "ಶ್ರೀ ಗಂಗರಾಜ ಸುತ್ತಾಲಯವಂ ಮಾಡಿಸಿದ." ಪಕ್ಕದಲ್ಲಿ ಒಂದು ಕುಟುಂಬಕ್ಕೆ ಸ್ಥಳವನ್ನು ತೋರಿಸುತ್ತಿದ್ದವರು ಈ ಸಾಲನ್ನು "ಗಂಗರಾಜ ಕಾಂಪೌಂಡು ಕಟ್ಟಿಸಿದ" ಎಂದು ವಿವರಿಸಿದರು. ಕುಟುಂಬ ತಲೆಯಾಡಿಸಿ ಮುಂದೆ ಹೋಯಿತು. ನಾನು ಮಾತ್ರ ಆ ಪದದ ಬಳಿಯೇ ಉಳಿದೆ. ಅಂದಿನಿಂದ ಅದು ನನ್ನ ಜೊತೆಯಲ್ಲಿಯೇ ಇದೆ.

ಪದದ ಕಟ್ಟಡ ಸರಳವಾದದ್ದು. ಸುತ್ತು ಎಂಬುದು ಅಚ್ಚ ಕನ್ನಡ. ಆಲಯ ಎಂಬುದು ಸಂಸ್ಕೃತ. ಬಂದು ಸೇರಿಕೊಳ್ಳುವ, ನೆಲೆಸುವ ಜಾಗ ಎಂದು ಅದರ ಅರ್ಥ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಸೇರಿಸಿ ಸಮಾಸ ಮಾಡುವುದನ್ನು ನಮ್ಮ ವೈಯಾಕರಣರು ಅರಿಸಮಾಸವೆಂದು ಕರೆದು ಅದಕ್ಕೆ ಎಚ್ಚರಿಕೆಯ ಬೇಲಿ ಹಾಕಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಬಿರುದಾವಳಿ ಮೊದಲಾದ ಕೆಲವು ಕಡೆಗಳಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಡುತ್ತಾನೆ. ಆದರೆ ಕೇಶಿರಾಜನಿಗಿಂತ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಬೆಟ್ಟದ ಮೇಲೆ ಕಲ್ಲು ಕೂರಿಸುತ್ತಿದ್ದವರಿಗೂ ಅದನ್ನು ಬರೆಸಿದವರಿಗೂ ತಮ್ಮ ಕಣ್ಣೆದುರಿನ ಕಟ್ಟಡಕ್ಕೆ ಹೆಸರು ಬೇಕಾಗಿತ್ತು. ದೇವರ ಸುತ್ತ ಇರುವುದರಿಂದ ಸುತ್ತು, ಅದರೊಳಗೂ ದೇವರಿರುವುದರಿಂದ ಆಲಯ. ವ್ಯಾಕರಣ ಏನೇ ಹೇಳಲಿ, ಆ ಕಟ್ಟಡಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚುವುದಿಲ್ಲ.

ಸುತ್ತು ಎಂಬ ಪದದ ಹರಹನ್ನು ಸ್ವಲ್ಪ ನೋಡಬೇಕು, ಏಕೆಂದರೆ ಸುತ್ತಾಲಯದ ಅರ್ಥದ ಅರ್ಧ ಭಾಗ ಅಲ್ಲಿಯೇ ಇದೆ. ಕನ್ನಡದಲ್ಲಿ ಸುತ್ತು ಎಂದರೆ ಆವರಿಸಿರುವುದೂ ಹೌದು, ನಡೆದು ಬರುವುದೂ ಹೌದು. ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ ಎನ್ನುವಾಗ ನಾವು ಹೇಳುವುದು ಗೋಡೆಗಳ ಲೆಕ್ಕವನ್ನು. "ದೇವರಿಗೆ ಮೂರು ಸುತ್ತು ಬಾ" ಎಂದು ಅಜ್ಜಿ ಹೇಳುತ್ತಿದ್ದಾಗ ಅದು ಕಾಲಿನ ಲೆಕ್ಕ. ನಮ್ಮ ಮನೆಯಲ್ಲಿ ಪ್ರದಕ್ಷಿಣೆ ಎಂಬ ಪದವನ್ನು ಪುರೋಹಿತರು ಬಂದ ದಿನ ಮಾತ್ರ ಬಳಸುತ್ತಿದ್ದರು. ಉಳಿದ ದಿನಗಳಲ್ಲಿ ಎಲ್ಲರೂ ಸುತ್ತು ಬರುತ್ತಿದ್ದರು, ಸುತ್ತು ಹಾಕುತ್ತಿದ್ದರು. ಆವರಿಸುವ ವಸ್ತುವಿಗೂ ಅದರೊಳಗೆ ನಡೆಯುವ ಕ್ರಿಯೆಗೂ ಒಂದೇ ಪದ ಇರುವುದರಿಂದ, ಸುತ್ತಾಲಯ ಎಂದೊಡನೆ ಅದು ನಿಂತ ಕಟ್ಟಡವೂ ಆಗುತ್ತದೆ, ನಡೆಯುವ ದಾರಿಯೂ ಆಗುತ್ತದೆ. ಕಾಂಪೌಂಡು ಎಂಬ ಪದದಲ್ಲಿ ಯಾರೂ ನಡೆಯುವುದಿಲ್ಲ.

ಈ ಪದಕ್ಕೆ ನೆರೆಯ ಭಾಷೆಗಳಲ್ಲಿ ಒಡಹುಟ್ಟಿದವರಿದ್ದಾರೆ. ತಮಿಳಿನ ಚುಟ್ರು, ತೆಲುಗಿನ ಚುಟ್ಟು, ಮಲಯಾಳದ ಚುಟ್ಟು, ಕನ್ನಡ ಮತ್ತು ತುಳುವಿನ ಸುತ್ತು, ಎಲ್ಲವೂ ಒಂದೇ ಬೇರಿನವು. ಚುಟ್ರು ಎಂದು ಕೇಳಿಸುವುದನ್ನು ತಮಿಳಿನಲ್ಲಿ ಚುಱ್ಱು ಎಂದು ಬರೆಯುತ್ತಾರೆ. ಹೀಗೆ ತಮಿಳಿನಲ್ಲಿ ಎರಡು ಱಕಾರಗಳು ಸೇರುವ ಕಡೆ ಕನ್ನಡದಲ್ಲಿ ತ್ತ ಬರುತ್ತದೆ, ತೆಲುಗಿನಲ್ಲಿ ಟ್ಟ ಬರುತ್ತದೆ. ಇದೇ ನಿಯಮದಂತೆ ತಮಿಳಿನ ಪುಱ್ಱು ಹಳಗನ್ನಡದಲ್ಲಿ ಪುತ್ತು, ಇಂದಿನ ಕನ್ನಡದಲ್ಲಿ ಹುತ್ತ, ತೆಲುಗಿನಲ್ಲಿ ಪುಟ್ಟ. ಸುತ್ತಾಲಯ ಎಂಬ ಪದವನ್ನು ಕೆತ್ತಿರುವುದು ಹುತ್ತದ ಬಳಿ ಎಂಬುದು ನೆನಪಾದಾಗ ನನಗೆ ಬಹಳ ಸಂತೋಷವಾಯಿತು. ಎರಡು ಪದಗಳೂ ಒಂದೇ ದಾರಿಯಲ್ಲಿ ಸಾವಿರಾರು ವರ್ಷ ನಡೆದು ಬಂದು ಒಂದೇ ಕಲ್ಲಿನ ಬಳಿ ಸೇರಿಕೊಂಡಿವೆ.

ತಮಿಳರು ಇಂಥದೇ ಕಟ್ಟಡವನ್ನು ತಿರುಚ್ಚುಟ್ರುಮಾಳಿಗೈ ಎಂದು ಕರೆದರು: ತಿರು ಎಂದರೆ ಶ್ರೀ, ಆಮೇಲೆ ಸುತ್ತು, ಕೊನೆಗೆ ಮಾಳಿಗೆ. 1010ರ ಹೊತ್ತಿಗೆ ಪೂರ್ಣಗೊಂಡ ತಂಜಾವೂರಿನ ದೊಡ್ಡ ದೇವಾಲಯದಲ್ಲಿ, ರಾಜರಾಜ ಚೋಳನ ಅಪ್ಪಣೆಯಂತೆ ಅವನ ಸೇನಾಪತಿ ಕೃಷ್ಣನ್ ರಾಮನ್ ಈ ಸುತ್ತುಮಾಳಿಗೆಯನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಕೇರಳದಲ್ಲಿ ಅದು ಚುಟ್ಟಂಬಲ: ಸುತ್ತು ಮತ್ತು ಅಂಬಲ, ಅಂದರೆ ದೇವಾಲಯ. ಒಂದೊಂದು ಭಾಷೆಯೂ ಮೊದಲ ಭಾಗವನ್ನು ತನ್ನದೇ ಉಚ್ಚಾರಣೆಯಲ್ಲಿ ಹಾಗೆಯೇ ಉಳಿಸಿಕೊಂಡು, ಎರಡನೆಯ ಭಾಗಕ್ಕೆ ಮಾತ್ರ ತನಗೆ ಹತ್ತಿರವಾದ ಪದವನ್ನು ಆರಿಸಿಕೊಂಡಿದೆ. ತಮಿಳಿಗೆ ಅದು ಮಾಳಿಗೆಯಂತೆ ಕಂಡಿತು, ಮಲಯಾಳಕ್ಕೆ ಅಂಬಲದಂತೆ ಕಂಡಿತು, ಬೆಳಗೊಳದಲ್ಲಿ ಶಾಸನ ಬರೆಸಿದವರಿಗೆ ಆಲಯದಂತೆ ಕಂಡಿತು.

ಇನ್ನು ಗಂಗರಾಜನ ವಿಷಯ. ಅವನು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ, ದಂಡನಾಯಕ. 1116ರ ಸುಮಾರಿಗೆ ಚೋಳರ ಕೈಯಿಂದ ತಲಕಾಡನ್ನು ಬಿಡಿಸಿ ಗಂಗವಾಡಿಯನ್ನು ತನ್ನ ಒಡೆಯನಿಗೆ ಒಪ್ಪಿಸಿದವನು. ಗೊಮ್ಮಟನ ಪ್ರತಿಷ್ಠೆ 981ರಲ್ಲಿ ಆಯಿತೆಂದು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಸುತ್ತಾಲಯದ ಕಾಲ 1117ರ ಆಸುಪಾಸು. ಅಂದರೆ ಸುಮಾರು ನೂರಮೂವತ್ತೈದು ವರ್ಷಗಳ ಕಾಲ ಆ ಮೂರ್ತಿ ಬೆಟ್ಟದ ನೆತ್ತಿಯ ಮೇಲೆ, ಈಗಿರುವ ಸುತ್ತಾಲಯವಿಲ್ಲದೆ, ಬಂಡೆಯ ಬಯಲಿನಲ್ಲಿ ನಿಂತಿತ್ತು. ಇದನ್ನು ಕಲ್ಪಿಸಿಕೊಳ್ಳುವುದು ನನಗೆ ಕಷ್ಟವಾಗುತ್ತದೆ. ಇಂದು ದೂರದಿಂದ ನೋಡುವವರಿಗೆ ಕಟ್ಟಡದ ಮೇಲೆದ್ದು ಕಾಣುವ ಭುಜ ಮತ್ತು ತಲೆಯ ಚಿತ್ರ ಎಷ್ಟು ಪರಿಚಿತವೆಂದರೆ, ಪಾದದವರೆಗೂ ಬಯಲಿಗೆ ತೆರೆದುಕೊಂಡ ಗೊಮ್ಮಟನೇ ಮೊದಲಿನವನು, ನಮಗೆ ಕಾಣುವವನು ಗಂಗರಾಜ ಕೊಟ್ಟ ಗೊಮ್ಮಟ ಎಂಬುದು ಹೊಳೆಯುವುದೇ ಇಲ್ಲ.

ಬೆಳಗೊಳದ ಶಾಸನಗಳಲ್ಲಿ ಗಂಗರಾಜನನ್ನು ಹೊಗಳುವ ಒಂದು ಪದ್ಯವಿದೆ. ಅದು ಅವನ ಮೂರು ಕೆಲಸಗಳನ್ನು ಹೇಳುತ್ತದೆ: ಗಂಗವಾಡಿಯಲ್ಲಿ ಬಸದಿಗಳು ಎಷ್ಟಿದ್ದವೋ ಅಷ್ಟನ್ನೂ ಹೊಸದು ಮಾಡಿಸಿದ, ಗಂಗವಾಡಿಯ ಗೊಮ್ಮಟದೇವರಿಗೆ ಸುತ್ತಾಲಯವನ್ನು ಮಾಡಿಸಿದ, ಗಂಗವಾಡಿಯ ತಿಗುಳರನ್ನು ಬೆನ್ನಟ್ಟಿ ನಾಡನ್ನು ವೀರಗಂಗನಿಗೆ ಕೊಟ್ಟ. ಹೀಗೆ ಹೇಳಿ, ಹಿಂದಿನ ಗಂಗರ ರಾಜನಿಗಿಂತ ಈ ಗಂಗರಾಜ ನೂರ್ಮಡಿ ಧನ್ಯನಲ್ಲವೇ ಎಂದು ಪದ್ಯ ಕೇಳುತ್ತದೆ. ತಿಗುಳರು ಎಂದರೆ ತಮಿಳರು, ವೀರಗಂಗ ಎಂಬುದು ವಿಷ್ಣುವರ್ಧನನ ಬಿರುದು. ಒಂದು ರಾಜ್ಯವನ್ನು ಗೆದ್ದುಕೊಟ್ಟದ್ದನ್ನೂ ಒಂದು ಮೂರ್ತಿಯ ಸುತ್ತ ಕಂಬಸಾಲನ್ನು ಕಟ್ಟಿಸಿದ್ದನ್ನೂ ಪದ್ಯ ಒಂದೇ ತಕ್ಕಡಿಯಲ್ಲಿ ಇಟ್ಟಿದೆ, ಸುತ್ತಾಲಯವನ್ನೇ ಮೊದಲು ಹೇಳಿದೆ. ಗೋಡೆಯೊಂದನ್ನು ಕಟ್ಟಿಸಿದ್ದಕ್ಕೆ ಕವಿ ಇಷ್ಟು ಬೆಲೆ ಕಟ್ಟುತ್ತಿರಲಿಲ್ಲ ಎಂಬುದು ನನ್ನ ತಿಳುವಳಿಕೆ.

ಆದರೂ ಅದು ತಿಳುವಳಿಕೆಯ ಮಾತಾಯಿತು, ಸಾಕ್ಷ್ಯ ಬೇಕು. ಬಿ. ಎಲ್. ರೈಸ್ ಅವರು 1889ರಲ್ಲಿ ಮೊದಲು ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ವಿಸ್ತರಿಸಿದ ಬೆಳಗೊಳದ ಶಾಸನಗಳಲ್ಲಿಯೇ ಆ ಸಾಕ್ಷ್ಯವಿದೆ. ಗಂಗರಾಜನ ಮೇಲೆ ಎರಡು ಮೂರು ತಲೆಮಾರು ಕಳೆದ ಬಳಿಕ, ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ, ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳೆಂಬ ಜೈನ ಮುನಿಗಳ ಶಿಷ್ಯನಾದ ಬಸವಿಸೆಟ್ಟಿ ಎಂಬ ವರ್ತಕ ಸುತ್ತಾಲಯದ ಭಿತ್ತಿಯನ್ನು ಮಾಡಿಸಿದ, ಇಪ್ಪತ್ನಾಲ್ಕು ತೀರ್ಥಂಕರರನ್ನು ಮಾಡಿಸಿದ. ಅವನ ಮಕ್ಕಳು ಆ ತೀರ್ಥಂಕರರ ಮುಂದೆ ಜಾಲಂಧ್ರಗಳನ್ನು, ಅಂದರೆ ಜಾಲರಿಯ ಕಿಟಕಿಗಳನ್ನು, ಮಾಡಿಸಿದರು. ಭಿತ್ತಿ ಎಂದರೆ ಗೋಡೆ. ಸುತ್ತಾಲಯವೆಂದರೆ ಗೋಡೆಯೇ ಆಗಿದ್ದರೆ ಸುತ್ತಾಲಯದ ಗೋಡೆ ಎಂದು ಹೇಳುವ ಅಗತ್ಯ ಬರುತ್ತಿರಲಿಲ್ಲ. ಅದನ್ನು ಬರೆಸಿದವರ ಮನಸ್ಸಿನಲ್ಲಿ ಗೋಡೆ ಬೇರೆ, ಸುತ್ತಾಲಯ ಬೇರೆ; ಗೋಡೆಯು ಸುತ್ತಾಲಯದ ಒಂದು ಅಂಗ. ಹೊರಗೆ ಗೋಡೆ, ಒಳಮುಖಕ್ಕೆ ಕಂಬಗಳು, ಮೇಲೆ ಕಲ್ಲಿನ ಮಾಡು, ಅದರ ಕೆಳಗೆ ಗೋಡೆಗೆ ಬೆನ್ನು ಕೊಟ್ಟ ಮೂರ್ತಿಗಳು, ಅವುಗಳ ಮುಂದೆ ಜನ ನಡೆಯುವ ಜಾಗ, ಇಷ್ಟೂ ಸೇರಿದ್ದು ಆ ಪದ.

ಬಸವಿಸೆಟ್ಟಿಯ ಕೆಲಸದಿಂದ ಪದದ ಎರಡನೆಯ ಭಾಗಕ್ಕೂ ಪೂರ್ಣ ಅರ್ಥ ಬಂದಿತೆಂದು ನಾನು ಭಾವಿಸುತ್ತೇನೆ. ಇಂದು ಆ ಸಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಮೂರ್ತಿಗಳಿವೆ. ಅವುಗಳ ಪೀಠದ ಮೇಲಿನ ಬರಹಗಳು ಮಾಡಿಸಿದವರ ಹೆಸರುಗಳನ್ನು ಹೇಳುತ್ತವೆ. ಮಧ್ಯದ ಮೂರ್ತಿಯನ್ನು ಒಬ್ಬ ಮಂತ್ರಿ ಮಾಡಿಸಿದ, ಸುತ್ತನ್ನು ಇನ್ನೊಬ್ಬ ಮಂತ್ರಿ ಮಾಡಿಸಿದ. ಆದರೆ ಸುತ್ತಿನೊಳಗಿನ ನೆಲೆಗಳನ್ನು ತುಂಬಿದವರಲ್ಲಿ ವ್ಯಾಪಾರ ಮಾಡಿ ಬದುಕಿದ ಭಕ್ತರೂ ಇದ್ದರು. ಸುತ್ತು ಬರುವವನು ಒಬ್ಬ ದೇವರ ಸುತ್ತ ನಡೆಯುತ್ತ, ಅದೇ ಹೊತ್ತಿನಲ್ಲಿ ಅನೇಕ ದೇವರ ಎದುರಿನಿಂದ ಹಾದು ಹೋಗುತ್ತಾನೆ. ಗೊಮ್ಮಟನ ಎದುರಿನ ಮಂಟಪ ಇದಕ್ಕಿಂತ ಬೇರೆಯಾದದ್ದು. ಅದನ್ನು ಮಾಡಿಸಿದವನು ಬಲದೇವನೆಂಬ ಮಂತ್ರಿ. ಅದರ ಚಾವಣಿಯಲ್ಲಿ ಭುವನೇಶ್ವರಿಗಳೆಂದು ಕರೆಯುವ ಒಂಬತ್ತು ಕೆತ್ತನೆಯ ಅಂಕಣಗಳಿವೆ; ಎಂಟರಲ್ಲಿ ದಿಕ್ಪಾಲಕರಿದ್ದಾರೆ, ನಡುವಿನದರಲ್ಲಿ ಅಭಿಷೇಕದ ಕಲಶ ಹಿಡಿದ ಇಂದ್ರನಿದ್ದಾನೆ. ತಲೆಯೆತ್ತಿ ನೋಡದೆ ಮುಂದೆ ಹೋಗುವವರೇ ಹೆಚ್ಚು, ಆದ್ದರಿಂದ ಇಲ್ಲಿ ಹೇಳಿದೆ.

ಇದೇ ಗಂಗರಾಜ ಎದುರಿನ ಚಿಕ್ಕಬೆಟ್ಟದ ಮೇಲೆ ತನ್ನ ತಾಯಿ ಪೋಚವ್ವೆಗಾಗಿ 1118ರ ಸುಮಾರಿಗೆ ಒಂದು ಬಸದಿಯನ್ನು ಕಟ್ಟಿಸಿದ. ಬೆಳಕು ಒಳಗೆ ಬರಲು ದಾರಿ ಕಡಿಮೆಯಾದ್ದರಿಂದ ಜನ ಅದನ್ನು ಕತ್ತಲೆ ಬಸದಿ ಎಂದು ಕರೆದರು, ಆ ಹೆಸರೇ ನಿಂತಿತು. ಚಿಕ್ಕಬೆಟ್ಟದ ಬಸದಿಗಳಲ್ಲಿ ಗರ್ಭಗೃಹದ ಸುತ್ತ ಒಳಗೇ ಪ್ರದಕ್ಷಿಣಾಪಥ ಇರುವುದು ಇದೊಂದಕ್ಕೆ ಮಾತ್ರ. ಇಂಥ ಒಳದಾರಿಯಿರುವ ದೇವಾಲಯವನ್ನು ಶಾಸ್ತ್ರದಲ್ಲಿ ಸಾಂಧಾರ ಎನ್ನುತ್ತಾರೆ, ಇಲ್ಲದ್ದನ್ನು ನಿರಂಧಾರ ಎನ್ನುತ್ತಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಸಾಂಧಾರ. ಹೊಯ್ಸಳರ ಬಹುಪಾಲು ದೇವಾಲಯಗಳು ನಿರಂಧಾರ, ಅಲ್ಲಿ ಹೊರಗಿನ ಜಗತಿಯ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆಯ, ಮೇಲೆಯೇ ಸುತ್ತು ಬರಬೇಕು.

ಒಬ್ಬನೇ ಮನುಷ್ಯ ಒಂದೆರಡು ವರ್ಷಗಳ ಅಂತರದಲ್ಲಿ ಇಷ್ಟು ಭಿನ್ನವಾದ ಎರಡು ದಾರಿಗಳನ್ನು ಮಾಡಿಸಿದನಲ್ಲ ಎಂದು ನಾನು ಎರಡೂ ಬೆಟ್ಟಗಳ ನಡುವಿನ ಕಲ್ಯಾಣಿಯ ಬಳಿ ಕುಳಿತು ಯೋಚಿಸಿದ್ದೇನೆ. ತಾಯಿಯ ಬಸದಿಯಲ್ಲಿ ದೇವರಿಗೂ ನಡೆಯುವವನಿಗೂ ನಡುವೆ ಗೋಡೆಯಿದೆ. ಕೈಯಿಂದ ಕಲ್ಲನ್ನು ಮುಟ್ಟುತ್ತ, ಕಾಣದ ದೇವರನ್ನು ಸುತ್ತಬೇಕು. ದೊಡ್ಡಬೆಟ್ಟದಲ್ಲಿ ದೇವರು ಬಿಸಿಲಿನಲ್ಲಿ ನಿಂತಿದ್ದಾನೆ, ನಡೆಯುವವನು ನೆರಳಿನಲ್ಲಿದ್ದಾನೆ. ಮಾಡು ಹಾಕಿರುವುದು ದೇವರಿಗಲ್ಲ, ಸುತ್ತು ಬರುವವನಿಗೆ ಮತ್ತು ಗೋಡೆಯ ಬದಿಯ ಚಿಕ್ಕ ಮೂರ್ತಿಗಳಿಗೆ. ಪ್ರದಕ್ಷಿಣಾಪಥ ಮತ್ತು ಸುತ್ತಾಲಯ ಎಂಬ ಎರಡು ಪದಗಳನ್ನು ಒಂದೇ ಎಂದು ಬಳಸಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಮೊದಲನೆಯದು ದಾರಿಯನ್ನು ಮಾತ್ರ ಹೇಳುತ್ತದೆ. ಬಯಲಾದರೂ ಸರಿ, ಕತ್ತಲೆಯಾದರೂ ಸರಿ. ಎರಡನೆಯದರಲ್ಲಿ ದಾರಿಗೆ ಮಾಡು ಇದೆ, ದಾರಿಯ ಬದಿಯಲ್ಲಿ ನೆಲೆಸಿದವರಿದ್ದಾರೆ.

ಸುತ್ತಾಲಯ ಎಂಬ ಪದ ಇಂದು ಬೆಳಗೊಳದ ಕುರಿತ ಬರಹಗಳಾಚೆ ಅಷ್ಟಾಗಿ ಕಾಣಿಸುವುದಿಲ್ಲ. ದೇವಾಲಯಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಈಗ ಹೆಚ್ಚಾಗಿ ಕೈಸಾಲೆ ಎನ್ನುತ್ತಾರೆ. ಅದೂ ಹಳೆಯ ಪದವೇ, ಅದರ ಬಗ್ಗೆ ನನಗೆ ಬೇಸರವಿಲ್ಲ. ಶಾಲಾ ಎಂಬುದರ ತದ್ಭವ ಸಾಲೆ. ಮನೆಗಳಲ್ಲಿ ಇನ್ನೂ ಬಳಕೆಯಲ್ಲಿರುವ ಪಡಸಾಲೆ, ಮುಂಭಾಗದ ಮೊಗಸಾಲೆ, ಪಕ್ಕದ ಕೈಸಾಲೆ, ಎಲ್ಲವೂ ಒಂದೇ ಮನೆತನದವು. ಮೊಗ ಎಂದರೆ ಎದುರು, ಕೈ ಎಂದರೆ ಬದಿ: ಕಟ್ಟಡವನ್ನು ಮನುಷ್ಯನ ಮೈಯಂತೆ ಕಂಡು ಇಟ್ಟ ಹೆಸರುಗಳು. ಸೋಮನಾಥಪುರದ ಕೇಶವ ದೇವಾಲಯದ ಕೈಸಾಲೆಯನ್ನು ನೋಡಿದವರು ಅದನ್ನು ಮರೆಯಲಾರರು. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಅಂಗಳವನ್ನು ಸುತ್ತುವರಿದು, ಕಡೆದ ಬಳಪದ ಕಲ್ಲಿನ ಕಂಬಗಳ ಸಾಲಿನ ಹಿಂದೆ, ಅರವತ್ನಾಲ್ಕು ಗೂಡುಗುಡಿಗಳಿವೆ; ಇಂದು ಅವುಗಳಲ್ಲಿ ದೇವರಿಲ್ಲ. 2023ರಲ್ಲಿ ಬೇಲೂರು ಮತ್ತು ಹಳೇಬೀಡಿನ ಜೊತೆಗೆ ಈ ದೇವಾಲಯವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರು ಹೆಚ್ಚಿರಬಹುದು. ಹೋದವರು ಮೂರು ಗೋಪುರಗಳನ್ನು ನೋಡಿದ ಮೇಲೆ ಈ ಕೈಸಾಲೆಯಲ್ಲಿಯೂ ಒಂದು ಸುತ್ತು ನಡೆಯಲಿ ಎಂದು ಬೇಡಿಕೊಳ್ಳುತ್ತೇನೆ. ದೇವಾಲಯದ ನಕ್ಷತ್ರಾಕಾರದ ಮೂಲೆಗಳು ಹೆಜ್ಜೆಹೆಜ್ಜೆಗೆ ತಿರುಗುವುದು ಆ ನೆರಳಿನಿಂದಲೇ ಚೆನ್ನಾಗಿ ಕಾಣುತ್ತದೆ. ಪದದ ಮಟ್ಟಿಗೆ ಹೇಳುವುದಾದರೆ, ಕೈಸಾಲೆ ಎಂಬುದು ಕಟ್ಟಡ ಎಲ್ಲಿದೆ ಎಂಬುದನ್ನು ಹೇಳುತ್ತದೆ, ಸುತ್ತುವುದನ್ನು ಹೇಳುವುದಿಲ್ಲ.

ಸುತ್ತು ಎಂಬ ಭಾಗವನ್ನು ಬಿಡದೆ ಉಳಿಸಿಕೊಂಡಿರುವುದು ಕರಾವಳಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ದೇವಸ್ಥಾನಗಳಲ್ಲಿ ಅಂಗಳದ ಸುತ್ತಲಿನ ಮಾಡು ಹಾಕಿದ ಕಟ್ಟಡಕ್ಕೆ ಸುತ್ತುಪೌಳಿ ಎಂದೇ ಹೆಸರು. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ, ಜೀರ್ಣೋದ್ಧಾರದ ಲೆಕ್ಕಪತ್ರಗಳಲ್ಲಿ, ದೇವಸ್ಥಾನದ ಗೋಡೆಯ ಮೇಲಿನ ದಾನಿಗಳ ಪಟ್ಟಿಯಲ್ಲಿ ಆ ಪದವನ್ನು ಈಗಲೂ ಕಾಣಬಹುದು. ಪೌಳಿ ಎಂಬ ಪದವನ್ನು ಉತ್ತರ ಕರ್ನಾಟಕದವರೂ ಗುಡಿಯ ಸುತ್ತಣ ಕಟ್ಟಡಕ್ಕೆ ಬಳಸುತ್ತಾರೆ. ಕಾಸರಗೋಡಿನ ಕಡೆ ಒಂದೇ ಊರಿನಲ್ಲಿ ಕನ್ನಡ ಮಾತಾಡುವವರು ಸುತ್ತುಪೌಳಿ ಎಂದೂ ಮಲಯಾಳ ಮಾತಾಡುವವರು ಚುಟ್ಟಂಬಲ ಎಂದೂ ಹೇಳುವಾಗ, ಆ ಹಳೆಯ ಸುತ್ತು ಎರಡು ನಾಲಗೆಗಳಲ್ಲಿ ಒಟ್ಟಿಗೆ ಬದುಕಿರುವುದು ಕೇಳಿಸುತ್ತದೆ.

ಗೊಮ್ಮಟನ ಪಾದಕ್ಕೆ ಮರಳಿ ಒಂದು ಮಾತು ಹೇಳಬೇಕು. ಅಲ್ಲಿಯ ತಮಿಳು ಬರಹ ಚಾವುಂಡರಾಯನ ಹೆಸರನ್ನು ಹೇಳಿ ನಿಲ್ಲುತ್ತದೆ. ಮರಾಠಿಯದು ಹಾಗಲ್ಲ, ನಾಗರಿ ಲಿಪಿಯಲ್ಲಿ "ಶ್ರೀ ಚಾವುಂಡರಾಜೇಂ ಕರವಿಯಲೇಂ" ಎಂದ ಮೇಲೆ "ಶ್ರೀ ಗಂಗರಾಜೇ ಸುತ್ತಾಲೇ ಕರವಿಯಲೇ" ಎಂದೂ ಹೇಳುತ್ತದೆ. ಎರಡನೆಯ ಸಾಲು ಗಂಗರಾಜನ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಒಂದೆಂದು ಹೆಸರಾದ ಈ ಶಾಸನದ ಎರಡನೆಯ ಸಾಲಿನಲ್ಲಿ ಕನ್ನಡದ ಒಂದು ಕಟ್ಟಡದ ಪದ ಹಾಗೆಯೇ ಉಳಿದಿದೆ. ಬರೆಸಿದವರು ಮಾಡಿಸಿದ ಎಂಬುದನ್ನು ಕರವಿಯಲೇ ಎಂದು ಮರಾಠಿಗೆ ತಿರುಗಿಸಿದರು, ಸುತ್ತಾಲಯವನ್ನು ತಿರುಗಿಸಲಿಲ್ಲ. ದೂರದಿಂದ ಬರುವ ಯಾತ್ರಿಕನಿಗೆ ಅರ್ಥವಾಗಲೆಂದೇ ಅವನ ಭಾಷೆಯಲ್ಲಿ ಬರೆದವರು ಈ ಒಂದು ಪದವನ್ನು ಕನ್ನಡದಲ್ಲಿಯೇ ಬಿಟ್ಟದ್ದು ಯಾಕೆ? ಕಣ್ಣೆದುರಿಗೇ ಕಟ್ಟಡವಿದ್ದುದರಿಂದ ಹೆಸರನ್ನು ತೋರಿಸಿ ಹೇಳಿದರೆ ಸಾಕೆನಿಸಿರಬಹುದು.

ಇಲ್ಲಿ ನನ್ನದೊಂದು ಊಹೆಯಿದೆ, ಊಹೆಯೆಂದೇ ಹೇಳುತ್ತೇನೆ. ಕನ್ನಡದ ಸಾಲಿನಲ್ಲಿ ಸುತ್ತಾಲಯ, ಮರಾಠಿಯ ಸಾಲಿನಲ್ಲಿ ಸುತ್ತಾಲೇ. ಈ ಎರಡನೆಯ ರೂಪ ಮರಾಠಿಯ ವ್ಯಾಕರಣದಿಂದಲೇ ಬಂದಿರಬಹುದು. ಆದರೆ ಬೆಟ್ಟದ ಮೇಲೆ ಕಲ್ಲು ಎತ್ತಿದವರು, ಕಂಬ ನಿಲ್ಲಿಸಿದವರು ಆಲಯ ಎಂದು ಪೂರ್ತಿಯಾಗಿ ಉಚ್ಚರಿಸುತ್ತ ಕೆಲಸ ಮಾಡುತ್ತಿದ್ದರೆಂದು ನನಗೆ ಅನಿಸುವುದಿಲ್ಲ. ಕನ್ನಡ ಸಾಲನ್ನು ಬರೆದವನು ಓದಿದವನು, ಪದವನ್ನು ತಿದ್ದಿ ಬರೆದ. ಮರಾಠಿ ಸಾಲಿಗೆ ಆ ಪದವನ್ನು ಕೊಟ್ಟವನು ಕಿವಿಯಿಂದ ಕೇಳಿದ್ದನ್ನು ಕೊಟ್ಟಿರಬಹುದು. ಹಾಗಿದ್ದರೆ 1117ರ ಹೊತ್ತಿನಲ್ಲಿ ಕೆಲಸದವರು ಒಬ್ಬರನ್ನೊಬ್ಬರು ಕೂಗಿ ಹೇಳುತ್ತಿದ್ದ ಪದ, ಅವರ ಬಾಯಲ್ಲಿದ್ದ ರೂಪದಲ್ಲಿಯೇ, ಆ ಎಡಗಾಲಿನ ಪಕ್ಕದ ನಾಗರಿ ಅಕ್ಷರಗಳಲ್ಲಿದೆ.